ಮರ ತಿನ್ನುವ ಕಂದು ಕೊಳೆ ಶಿಲೀಂಧ್ರ: ದಾವಣಗೆರೆ, ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಿಲ ಚೌಕಟ್ಟಿನ ಬುಡ ಲಡ್ಡು ಹಿಡಿದರೆ ನಮ್ಮ ಕಡೆ ಎಲ್ಲರೂ ಮೊದಲು ಹೇಳುವ ಮಾತು ಒಂದೇ: "ಗೆದ್ದಲು ಹಿಡಿದಿದೆ." ತಕ್ಷಣ ಗೆದ್ದಲಿನ ಔಷಧಿ ತರುತ್ತಾರೆ, ಹೊಡೆಸುತ್ತಾರೆ. ಮುಂದಿನ ಮಳೆಗಾಲದ ಹೊತ್ತಿಗೆ ಚೌಕಟ್ಟು ಇನ್ನಷ್ಟು ಕುಂಬಾಗಿರುತ್ತದೆ. ಎಷ್ಟೋ ಸಲ ಅಲ್ಲಿ ಗೆದ್ದಲು ಇರುವುದೇ ಇಲ್ಲ. ಕೆಲಸ ಮಾಡಿದ್ದು ಶಿಲೀಂಧ್ರ. ಅದಕ್ಕೆ ಗೆದ್ದಲಿನ ಔಷಧಿ ನಾಟುವುದಿಲ್ಲ. ದುಡ್ಡೂ ಹೋಯಿತು, ಮರವೂ ಹೋಯಿತು. ಈ ಪ್ರಶ್ನೋತ್ತರ ಬರೆಯಲು ಅದೇ ಕಾರಣ.

ಕಂದು ಕೊಳೆ ಅಂದರೆ ಏನು?

ಮರದಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಒಣ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸೆಲ್ಯುಲೋಸ್ ಇರುತ್ತದೆ. ಉಳಿದದ್ದರಲ್ಲಿ ಬಹುಪಾಲು ಇನ್ನೆರಡರದು. ಆರ್‌ಸಿಸಿ ಕಂಬದಲ್ಲಿ ಸರಳು ಮತ್ತು ಕಾಂಕ್ರೀಟ್ ಇರುವ ಹಾಗೆ, ಸೆಲ್ಯುಲೋಸ್ ಎಳೆಗಳು ಎಳೆತಕ್ಕೆ ಬಲ ಕೊಡುತ್ತವೆ, ಲಿಗ್ನಿನ್ ಸುತ್ತ ತುಂಬಿಕೊಂಡು ಗಟ್ಟಿಯಾಗಿ ಹಿಡಿಯುತ್ತದೆ.

ಕಂದು ಕೊಳೆ ಶಿಲೀಂಧ್ರಗಳು ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸನ್ನು ತಿಂದು ಮುಗಿಸುತ್ತವೆ. ಲಿಗ್ನಿನನ್ನು ಅಷ್ಟಿಷ್ಟು ಬದಲಾಯಿಸಿ ಅಲ್ಲೇ ಬಿಟ್ಟುಬಿಡುತ್ತವೆ. ಲಿಗ್ನಿನ್ ಕಂದು ಬಣ್ಣದ್ದು. ಹಾಗಾಗಿ ಉಳಿಯುವ ಮರ ಕಡು ಕಂದಾಗಿ ಕಾಣುತ್ತದೆ. ಅಣಬೆಗಳ ದೊಡ್ಡ ಗುಂಪಾದ ಬೆಸಿಡಿಯೋಮೈಸೀಟ್‌ಗಳಿಗೇ ಇವೂ ಸೇರಿವೆ. ಮರ ಕೊಳೆಸುವ ಜಾತಿಗಳಲ್ಲಿ ಇವುಗಳ ಸಂಖ್ಯೆ ಕಡಿಮೆ, ನೂರಕ್ಕೆ ಹತ್ತರ ಒಳಗೇ. ಆದರೆ ಕಟ್ಟಡದ ಮರಕ್ಕೆ ಇವು ಮಾಡುವ ಹಾನಿ ಆ ಸಂಖ್ಯೆಗೆ ಮೀರಿದ್ದು.

ಗೆದ್ದಲೋ, ಕಂದು ಕೊಳೆಯೋ ಅಂತ ಗುರುತಿಸೋದು ಹೇಗೆ?

ಬಚ್ಚಲ ಬಾಗಿಲಿನ ಚೌಕಟ್ಟನ್ನೇ ತೆಗೆದುಕೊಳ್ಳಿ. ನೆಲದಿಂದ ಒಂದು ಗೇಣು ಎತ್ತರದವರೆಗೆ ಬಣ್ಣ ಉಬ್ಬಿರುತ್ತದೆ. ಬಣ್ಣದ ಪದರ ಕೆರೆದರೆ ಒಳಗಿನ ಮರ ಕಾಫಿಪುಡಿ ಬಣ್ಣಕ್ಕೆ ತಿರುಗಿರುತ್ತದೆ. ಅಡ್ಡಕ್ಕೂ ಉದ್ದಕ್ಕೂ ಬಿರುಕು ಬಿಟ್ಟು ಚೌಕ ಚೌಕ ತುಂಡಾಗಿರುತ್ತದೆ. ಉಗುರಿನಿಂದ ಮೀಟಿದರೆ ಒಂದೊಂದೇ ತುಂಡು ಕೈಗೆ ಬರುತ್ತದೆ. ಎರಡು ಬೆರಳಲ್ಲಿ ಹಿಡಿದು ತಿಕ್ಕಿದರೆ ನುಣ್ಣಗೆ ಪುಡಿಯಾಗುತ್ತದೆ. ನಾರು ಅನ್ನುವುದೇ ಸಿಗುವುದಿಲ್ಲ. ಇದು ಕಂದು ಕೊಳೆ.

ಗೆದ್ದಲಾದರೆ ಮಣ್ಣು ಇರುತ್ತದೆ. ಗೋಡೆಯ ಮೇಲೆ ಮಣ್ಣಿನ ಸಾಲು, ಮರದ ಒಳಗೆ ಮಣ್ಣು ಮೆತ್ತಿದ ಪೊಳ್ಳು ದಾರಿ ಕಾಣುತ್ತವೆ. ತಿನ್ನದೆ ಬಿಟ್ಟ ಭಾಗ ಇನ್ನೂ ಗಟ್ಟಿಯಾಗೇ ಇರುತ್ತದೆ. ಕುಟ್ಟೆ ಹುಳುವಾದರೆ ಸಣ್ಣ ದುಂಡು ತೂತುಗಳು ಮತ್ತು ಕೆಳಗೆ ಉದುರಿದ ಹಿಟ್ಟು ಇರುತ್ತವೆ.

ಅನುಮಾನ ಇದ್ದರೆ ಒಂದು ಸ್ಕ್ರೂ ಡ್ರೈವರ್ ತಗೊಂಡು ಮರಕ್ಕೆ ಓರೆಯಾಗಿ ಚುಚ್ಚಿ, ಮೇಲಕ್ಕೆ ಮೀಟಿ. ಒಳ್ಳೆ ಮರ ಚಟಚಟ ಸದ್ದು ಮಾಡಿ ಉದ್ದನೆಯ ಸಿಬಿರಾಗಿ ಏಳುತ್ತದೆ. ಕೊಳೆತ ಮರ ಸದ್ದೇ ಇಲ್ಲದೆ ಚುಚ್ಚಿದ ಜಾಗದಲ್ಲೇ ಪುಟ್ಟದಾಗಿ ಮುರಿಯುತ್ತದೆ. ಅನುಭವ ಇರುವ ಬಡಗಿಗಳು ಉಳಿಯಲ್ಲಿ ಹೀಗೇ ನೋಡುತ್ತಾರೆ.

ಬಿಳಿ ಕೊಳೆ, ಮೆದು ಕೊಳೆ ಅಂತಾನೂ ಹೇಳ್ತಾರಲ್ಲ?

ಬಿಳಿ ಕೊಳೆ ಶಿಲೀಂಧ್ರಗಳು ಲಿಗ್ನಿನನ್ನೂ ಒಡೆಯಬಲ್ಲವು. ಅವು ತಿಂದ ಮರ ಬಿಳಿಚಿಕೊಂಡು ನಾರು ನಾರಾಗಿ, ಸ್ಪಂಜಿನಂತೆ ಮೆತ್ತಗಾಗುತ್ತದೆ. ಮೆದು ಕೊಳೆ ಬೇರೆ ಗುಂಪಿನದು. ಸದಾ ಒದ್ದೆ ಇರುವ ಮರದ ಮೇಲ್ಪದರವನ್ನು ನಿಧಾನಕ್ಕೆ ಹಾಳು ಮಾಡುತ್ತದೆ. ನಮ್ಮ ಬಯಲುಸೀಮೆಯ ಅಗಲ ಎಲೆಯ ಮರಗಳಲ್ಲಿ ಬಿಳಿ ಕೊಳೆಯೇ ಸಾಮಾನ್ಯ. ಕಂದು ಕೊಳೆಗೆ ಹೆಚ್ಚು ಇಷ್ಟವಾದದ್ದು ಪೈನ್, ದೇವದಾರು ಜಾತಿಯ ಸೂಜಿ ಎಲೆ ಮರ. ಹೊರಗಿನಿಂದ ಬಂದ ಪೈನ್ ಪೆಟ್ಟಿಗೆಗಳನ್ನು ಬಿಚ್ಚಿ ಮಾಡಿದ ಕಪಾಟು, ಕಿಟಕಿ ಈಗ ಎಲ್ಲ ಊರಲ್ಲೂ ಇವೆ. ಅವುಗಳ ಮೇಲೆ ಕಣ್ಣಿಡುವುದು ಒಳ್ಳೆಯದು.

ಇಷ್ಟು ಸಣ್ಣ ಜೀವಿ ಅಷ್ಟು ಗಟ್ಟಿ ಮರವನ್ನು ಹೇಗೆ ಒಡೆಯುತ್ತದೆ?

ವಿಜ್ಞಾನಿಗಳನ್ನೂ ಬಹಳ ಕಾಲ ಕಾಡಿದ ಪ್ರಶ್ನೆ ಇದು. ಶಿಲೀಂಧ್ರಗಳು ಸಾಮಾನ್ಯವಾಗಿ ಕಿಣ್ವ ಬಿಟ್ಟು ಆಹಾರವನ್ನು ಕರಗಿಸಿಕೊಳ್ಳುತ್ತವೆ. ಆದರೆ ಗಟ್ಟಿ ಮರದ ಕೋಶದ ಗೋಡೆಯಲ್ಲಿರುವ ಸಂದುಗಳು ತೀರಾ ಸಣ್ಣವು. ಕಿಣ್ವದ ಅಣು ಅದರೊಳಗೆ ಹಿಡಿಯುವುದೇ ಇಲ್ಲ. ಹಾಗಿದ್ದರೂ ಕಂದು ಕೊಳೆ ಹತ್ತಿದ ಮರದ ಸೆಲ್ಯುಲೋಸ್, ಶಿಲೀಂಧ್ರದ ಎಳೆಯಿಂದ ದೂರ ಇರುವ ಕಡೆಯೂ, ತುಂಡು ತುಂಡಾಗಿರುತ್ತದೆ. ಕಿಣ್ವ ಹೋಗಲಾರದ ಜಾಗಕ್ಕೆ ಹೋಗಿದ್ದು ಯಾರು?

ಉತ್ತರ ಸಿಕ್ಕಿದ್ದು ಹಳೆಯ ರಸಾಯನಶಾಸ್ತ್ರದಲ್ಲಿ. ಮೆಡಿಕಲ್ ಶಾಪಿನಲ್ಲಿ ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡ್ ಗೊತ್ತಲ್ವಾ? ಅದಕ್ಕೆ ಫೆರಸ್ ರೂಪದ ಕಬ್ಬಿಣ ಸೇರಿದರೆ ಉಗ್ರವಾದ ಕ್ರಿಯೆ ನಡೆಯುತ್ತದೆ ಎಂದು 1894ರಲ್ಲಿ ಕೇಂಬ್ರಿಜ್‌ನ ಹೆನ್ರಿ ಫೆಂಟನ್ ಬರೆದಿದ್ದರು. ಅದರಲ್ಲಿ ಹುಟ್ಟುವುದು ಹೈಡ್ರಾಕ್ಸಿಲ್ ರಾಡಿಕಲ್ ಎಂಬ ತೀರಾ ಚುರುಕಾದ ಅಣುತುಣುಕು. ಅದು ಬದುಕುವುದು ಒಂದು ಸೆಕೆಂಡಿನ ಶತಕೋಟಿಯಲ್ಲಿ ಕೆಲವೇ ಭಾಗ. ಅಷ್ಟರಲ್ಲಿ ಪಕ್ಕದಲ್ಲಿ ಏನು ಸಿಕ್ಕರೂ ಕಿತ್ತು ಹಾಕುತ್ತದೆ. ಕಂದು ಕೊಳೆ ಶಿಲೀಂಧ್ರ ಇದನ್ನೇ ಬಳಸುತ್ತಿರಬೇಕು ಎಂಬುದಕ್ಕೆ 1970ರ ದಶಕದಲ್ಲಿ ಕೋನಿಗ್ಸ್ ಎಂಬ ಸಂಶೋಧಕರು ಪ್ರಯೋಗದ ಆಧಾರ ಕೊಟ್ಟರು. 1997ರಲ್ಲಿ ಅಮೆರಿಕದ ಬ್ಯಾರಿ ಗುಡೆಲ್, ಜೋಡಿ ಜೆಲಿಸನ್ ಮತ್ತು ಅವರ ಜೊತೆಗಾರರು ಗ್ಲಿಯೋಫಿಲ್ಲಮ್ ಟ್ರೇಬಿಯಮ್ ಎಂಬ ಕಂದು ಕೊಳೆ ಜಾತಿಯನ್ನು ಇಟ್ಟುಕೊಂಡು ಇದು ಹೇಗೆ ನಡೆಯಬಹುದು ಅಂತ ವಿವರಿಸಿದರು.

ನಡೆಯುವುದು ಹೀಗೆ. ಶಿಲೀಂಧ್ರ ಮೊದಲು ಆಕ್ಸಾಲಿಕ್ ಆಮ್ಲ ಬಿಡುತ್ತದೆ. ಅದು ಸುತ್ತಲಿನ ಹುಳಿಯನ್ನು ಏರಿಸಿ, ಮರದಲ್ಲಿ ಅಲ್ಲಿ ಇಲ್ಲಿ ಇರುವ ಕಬ್ಬಿಣವನ್ನು ಹಿಡಿದು ಸಾಗಿಸುತ್ತದೆ. ಇದರ ಜೊತೆಗೆ ಹೈಡ್ರೋಕ್ವಿನೋನ್ ಜಾತಿಯ ಸಣ್ಣ ಅಣುಗಳನ್ನೂ ಶಿಲೀಂಧ್ರ ಬಿಡುತ್ತದೆ. ಇವು ಗೋಡೆಯ ಸಂದಿನಲ್ಲಿ ಸಲೀಸಾಗಿ ತೂರುತ್ತವೆ, ಫೆರಿಕ್ ಎಂಬ ಇನ್ನೊಂದು ರೂಪದ ಕಬ್ಬಿಣವನ್ನು ಫೆರಸ್ ಮಾಡುತ್ತವೆ. ಪೆರಾಕ್ಸೈಡ್ ಅಲ್ಲಿಗೆ ಸೇರಿದರೆ ಗೋಡೆಯ ಒಳಗೇ ರಾಡಿಕಲ್ ಹುಟ್ಟುತ್ತದೆ. ಸಾವಿರಾರು ಗ್ಲೂಕೋಸ್ ಕೊಂಡಿಗಳಿರುವ ಸೆಲ್ಯುಲೋಸ್ ಸರಪಳಿ ಕೆಲವು ನೂರು ಕೊಂಡಿಗಳ ತುಂಡುಗಳಾಗುತ್ತದೆ. ಗೋಡೆ ಸಡಿಲವಾದ ಮೇಲೆ ಕಿಣ್ವಗಳು ಒಳಗೆ ಬಂದು ಉಳಿದ ಕೆಲಸ ಮುಗಿಸುತ್ತವೆ.

ಒಂದು ಜೀವಿ ತನ್ನ ಮೈಯಿಂದ ಹೊರಗೆ, ತಾನು ಮುಟ್ಟಲಾಗದ ಜಾಗದಲ್ಲಿ, ಇಂಥ ಅಪಾಯಕಾರಿ ಕ್ರಿಯೆಯನ್ನು ಹದವಾಗಿ ನಡೆಸುತ್ತದೆ. ಇದನ್ನು ಎಷ್ಟು ಸಲ ಓದಿದರೂ ನನಗೆ ಬೆರಗು ಕಡಿಮೆಯಾಗಿಲ್ಲ.

ಆ ರಾಡಿಕಲ್ ಶಿಲೀಂಧ್ರವನ್ನೇ ಸುಡೋದಿಲ್ವಾ? ಅದರ ಕಿಣ್ವಗಳೂ ಹಾಳಾಗಬೇಕಲ್ಲ?

ಹಾಳಾಗಬೇಕು. ಅದಕ್ಕೇ ಎರಡೂ ಒಟ್ಟಿಗೆ ನಡೆಯುವುದಿಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದ ಜಿವೇ ಝಾಂಗ್, ಜೊನಾಥನ್ ಶಿಲ್ಲಿಂಗ್ ಮತ್ತು ಅವರ ಜೊತೆಗಾರರು 2016ರಲ್ಲಿ ಇದನ್ನು ಚೆನ್ನಾಗಿ ತೋರಿಸಿದರು. ಅವರು ತೆಳು ಮರದ ಪಟ್ಟಿಯ ಮೇಲೆ ಶಿಲೀಂಧ್ರವನ್ನು ಒಂದೇ ದಿಕ್ಕಿಗೆ ಬೆಳೆಯಲು ಬಿಟ್ಟರು. ಹಾಗಾಗಿ ಪಟ್ಟಿಯ ಒಂದು ತುದಿಯಲ್ಲಿ ಹೊಸ ಎಳೆ, ಹಿಂದಕ್ಕೆ ಹೋದಷ್ಟೂ ಹಳೆಯ ಎಳೆ ಸಿಗುತ್ತದೆ. ಪಟ್ಟಿಯನ್ನು ತುಂಡು ಮಾಡಿ ಯಾವ ತುಂಡಿನಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ ಅಂತ ನೋಡಿದರು. ಮುಂದಿನ ತುದಿಯಲ್ಲಿ ರಾಡಿಕಲ್ ಕ್ರಿಯೆಗೆ ಸಂಬಂಧಿಸಿದ ಜೀನ್‌ಗಳು ಜೋರಾಗಿದ್ದವು. ಸ್ವಲ್ಪ ಹಿಂದೆ ಕಿಣ್ವಗಳ ಜೀನ್‌ಗಳು ಏರಿದ್ದವು. ಮೊದಲು ಒಡೆಯುವುದು, ಆಮೇಲೆ ಉಣ್ಣುವುದು. ಹುಳಿಯ ಮಟ್ಟವೂ ಕಾವಲಿಗಿದೆ: ಎಳೆಯ ಹತ್ತಿರ ಹುಳಿ ಜಾಸ್ತಿ, ಅಲ್ಲಿ ಕಬ್ಬಿಣ ಆಕ್ಸಾಲಿಕ್ ಆಮ್ಲದ ಹಿಡಿತದಲ್ಲಿರುತ್ತದೆ. ದೂರದಲ್ಲಿ ಹುಳಿ ಕಡಿಮೆ, ಅಲ್ಲಿ ಹಿಡಿತ ಬಿಡುತ್ತದೆ. ಹಾಗಾಗಿ ರಾಡಿಕಲ್ ಹುಟ್ಟುವುದು ಎಳೆಯಿಂದ ದೂರದಲ್ಲೇ.

ನಮ್ಮ ಚಿತ್ರದುರ್ಗದಲ್ಲಿ ಕಬ್ಬಿಣದ ಅದಿರೇ ಇದೆ. ಅದಕ್ಕೆ ಇಲ್ಲಿ ಈ ಕೊಳೆ ಜಾಸ್ತಿನಾ?

ಹೊಳಲ್ಕೆರೆ, ಭೀಮಸಮುದ್ರ, ಹೊಸದುರ್ಗದ ಕಡೆಯ ಕೆಂಪು ಧೂಳು ನೋಡಿದವರು ಇದನ್ನು ಕೇಳುವುದು ಸಹಜ. ಆದರೆ ಹಾಗಿಲ್ಲ. ಶಿಲೀಂಧ್ರಕ್ಕೆ ಬೇಕಾದ ಕಬ್ಬಿಣ ತೀರಾ ಅತ್ಯಲ್ಪ. ಅದೇ ಕಬ್ಬಿಣ ಮತ್ತೆ ಮತ್ತೆ ಬಳಕೆಯಾಗುತ್ತದೆ. ಮರದಲ್ಲಿ ಸಹಜವಾಗಿ ಇರುವ ಅಂಶ, ತಗುಲಿದ ಮಣ್ಣು ಅಥವಾ ತುಕ್ಕು ಹಿಡಿದ ಮೊಳೆ ಇವುಗಳಿಂದಲೇ ಅದಕ್ಕೆ ಬೇಕಾದಷ್ಟು ಸಿಗುತ್ತದೆ. ಕೊರತೆ ಬೀಳುವುದು ನೀರಿನದು. ನೀರಿಲ್ಲದ ಕಡೆ ಎಷ್ಟು ಅದಿರಿದ್ದರೂ ಮರ ಕೊಳೆಯುವುದಿಲ್ಲ.

ನಮ್ಮದು ಒಣ ಸೀಮೆ ಅಲ್ವಾ? ಹಾಗಿದ್ದರೆ ಭಯ ಯಾಕೆ?

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರಿನ ಗಾಳಿ ಒಣ. ಅದು ನಮ್ಮ ಮರಗಳಿಗೆ ದೊಡ್ಡ ರಕ್ಷಣೆ. ಮರದ ತೇವ ನೂರಕ್ಕೆ 20ರ ಒಳಗಿದ್ದರೆ ಈ ಶಿಲೀಂಧ್ರ ಬೆಳೆಯುವುದಿಲ್ಲ. ಸರಿಯಾಗಿ ಬೆಳೆಯಲು 28-30ಕ್ಕಿಂತ ಮೇಲಿರಬೇಕು. ಬರೀ ಗಾಳಿಯ ತೇವದಿಂದ ಅಷ್ಟು ಏರುವುದು ಕಷ್ಟ. ನೀರು ಮರಕ್ಕೆ ನೇರವಾಗಿ ತಾಗಬೇಕು.

ಹಾಗೆ ತಾಗುವ ಜಾಗಗಳು ಒಣ ಊರಲ್ಲೂ ಇರುತ್ತವೆ. ನಾನು ನೋಡಿದ ಹಳೇ ಮಾಳಿಗೆ ಮನೆಗಳಲ್ಲಿ ತೊಂದರೆ ಶುರುವಾಗುವುದು ಹೆಚ್ಚಾಗಿ ತೊಲೆಯ ತುದಿಯಲ್ಲಿ, ಅದು ಗೋಡೆಯೊಳಗೆ ಹೊಕ್ಕ ಜಾಗದಲ್ಲಿ. ಮಾಳಿಗೆಯ ಮಣ್ಣು ಒಂದು ಕಡೆ ಬಿರುಕು ಬಿಟ್ಟು, ಸೆಪ್ಟೆಂಬರ್, ಅಕ್ಟೋಬರಿನ ಮಳೆ ಅಲ್ಲಿ ಇಳಿಯುತ್ತದೆ. ಗೋಡೆ ನೀರು ಹಿಡಿದು ಕೂರುತ್ತದೆ. ನಡು ಮನೆಯಲ್ಲಿ ನಿಂತು ನೋಡಿದರೆ ತೊಲೆ ಕಪ್ಪಗೆ, ಗಟ್ಟಿಯಾಗಿ ಕಾಣುತ್ತದೆ. ಭಾರ ಕೂತಿರುವ ತುದಿ ಮಾತ್ರ ಒಳಗೊಳಗೇ ಪುಡಿಯಾಗಿರುತ್ತದೆ. ಜಂತೆ ತಗ್ಗಿದೆ, ಹಲಗೆ ಬಾಗಿದೆ ಅನ್ನಿಸಿದರೆ ಮೊದಲು ಗೋಡೆಯ ಹತ್ತಿರದ ತುದಿಗಳನ್ನೇ ಪರೀಕ್ಷಿಸಬೇಕು. ಹಳೇ ಮನೆ ಇರುವವರಿಗೆ ನನ್ನ ಮುಖ್ಯ ಮಾತು ಇದೇ.

ಇನ್ನು ಹರಿಹರದಲ್ಲಿ ಹೊಳೆ, ಚನ್ನಗಿರಿ, ಹೊನ್ನಾಳಿಯ ಕಡೆ ನಾಲೆ, ಗದ್ದೆ, ಅಡಿಕೆ ತೋಟ. ಅಲ್ಲಿ ನೆಲದ ತೇವವೇ ಬೇರೆ. ಬಚ್ಚಲು, ಸಿಂಕಿನ ಕೆಳಗಿನ ಕಪಾಟು, ಕೂಲರ್ ಇಟ್ಟ ಕಿಟಕಿ, ಸೋರುವ ಸಿಂಟೆಕ್ಸ್ ಟ್ಯಾಂಕಿನ ಕೆಳಗಿನ ಸಜ್ಜದ ಪಕ್ಕದ ಚೌಕಟ್ಟು ಇವಂತೂ ಎಲ್ಲ ಊರಿನವೂ ಒಂದೇ.

ಬಾವಿಯ ನೀರೊಳಗೆ ಮುಳುಗಿದ ಮರ ಯಾಕೆ ಕೊಳೆಯೋದಿಲ್ಲ?

ಶಿಲೀಂಧ್ರಕ್ಕೆ ನೀರಿನ ಜೊತೆ ಗಾಳಿಯೂ ಬೇಕು. ಪೂರ್ತಿ ಮುಳುಗಿದ ಮರದಲ್ಲಿ ಆಮ್ಲಜನಕ ಇರುವುದಿಲ್ಲ. ಹಿಂದಿನವರು ಬಾವಿಯ ತಳಕ್ಕೆ ನೇರಳೆ ಮರದ ಚೌಕಟ್ಟು ಇಳಿಸುತ್ತಿದ್ದದ್ದು ಗೊತ್ತಿದ್ದೇ. ಬೇಲಿಯ ಕಂಬದಲ್ಲೂ ಇದೇ ಲೆಕ್ಕ. ಆಳದಲ್ಲಿ ಗಾಳಿ ಕಡಿಮೆ, ಮೇಲೆ ನೀರು ಕಡಿಮೆ. ನೆಲದ ಮಟ್ಟದಲ್ಲಿ ಎರಡೂ ಸಿಗುತ್ತವೆ. ಅದಕ್ಕೇ ಕಂಬ ಯಾವಾಗಲೂ ನೆಲದ ಮಟ್ಟದಲ್ಲೇ ಮುರಿಯುತ್ತದೆ.

ಇಂಗ್ಲೆಂಡಿನ ಮನೆಗಳನ್ನು ಹಾಳು ಮಾಡುವ "ಡ್ರೈ ರಾಟ್" ಇಲ್ಲಿಗೂ ಬರುತ್ತಾ?

ಅದು ಸೆರ್ಪುಲಾ ಲಾಕ್ರಿಮನ್ಸ್. ಅದೂ ಕಂದು ಕೊಳೆಯದ್ದೇ ಜಾತಿ. ಇಟ್ಟಿಗೆ, ಗಾರೆಯ ಮೇಲೆ ಹಗ್ಗದಂಥ ಎಳೆ ಹಾಯಿಸಿ, ಒದ್ದೆ ಜಾಗದಿಂದ ಒಣ ಮರಕ್ಕೆ ನೀರು ಸಾಗಿಸಬಲ್ಲದು. ಕಾಡಿನಲ್ಲಿ ಇದು ಸಿಕ್ಕಿರುವ ಕೆಲವೇ ಜಾಗಗಳಲ್ಲಿ ನಮ್ಮ ಹಿಮಾಲಯವೂ ಒಂದು. ತಂಪು ಬೇಕು ಅದಕ್ಕೆ, 20 ಡಿಗ್ರಿಯ ಆಸುಪಾಸು. ಬೇಸಿಗೆಯಲ್ಲಿ 38-40 ಮುಟ್ಟುವ ದಾವಣಗೆರೆ ಅದಕ್ಕೆ ಹೇಳಿಸಿದ ಊರಲ್ಲ. ಬಿಸಿಲು, ಒಣಗುವಿಕೆ ಎರಡನ್ನೂ ತಡೆದುಕೊಂಡು ಮಳೆ ಬಿದ್ದಾಗ ಮತ್ತೆ ಚಿಗುರುವ ಗ್ಲಿಯೋಫಿಲ್ಲಮ್ ಜಾತಿಗಳು ಬಯಲಲ್ಲಿರುವ ಮರಕ್ಕೆ ಹೆಚ್ಚು ಅಪಾಯ.

ಮರ ನೋಡೋಕೆ ಗಟ್ಟಿಯಾಗಿದೆ. ಸ್ವಲ್ಪ ಕಂದಾಗಿದೆ ಅಷ್ಟೆ. ಪುಟ್ಟಿ ಹಾಕಿ ಬಣ್ಣ ಹೊಡೆದರೆ ಸಾಕಾ?

ಸಾಲದು. ಭಾರ ಹೊರುವ ಮರವಾದರೆ ಅದು ಅಪಾಯ ಕೂಡ.

ರಾಡಿಕಲ್ ಮೊದಲು ಕತ್ತರಿಸುವುದು ಸೆಲ್ಯುಲೋಸ್ ಸರಪಳಿಯನ್ನು ಅಂತ ಮೇಲೆ ಹೇಳಿದೆ. ಕತ್ತರಿಸಿದ ತುಂಡುಗಳು ತಕ್ಷಣ ಖಾಲಿಯಾಗುವುದಿಲ್ಲ, ಅಲ್ಲೇ ಇರುತ್ತವೆ. ಹಾಗಾಗಿ ತೂಕ ಅಷ್ಟಾಗಿ ಇಳಿದಿರುವುದಿಲ್ಲ, ಆಕಾರವೂ ಹಾಗೇ ಇರುತ್ತದೆ. ಬಲ ಮಾತ್ರ ಹೋಗಿರುತ್ತದೆ. ತೂಕ ನೂರಕ್ಕೆ 10 ಕಡಿಮೆಯಾಗುವ ಮೊದಲೇ ಬಲ ಅರ್ಧಕ್ಕಿಂತ ಜಾಸ್ತಿ ಹೋಗಿರಬಹುದು. ಬಿಳಿ ಕೊಳೆಯಲ್ಲಿ ತೂಕ ಮತ್ತು ಬಲ ಹೆಚ್ಚು ಕಡಿಮೆ ಜೊತೆಜೊತೆಗೇ ಇಳಿಯುತ್ತವೆ. ಕಂದು ಕೊಳೆಯಲ್ಲಿ ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಮಾಡಬೇಕಾದ್ದು: ಮೊದಲು ನೀರಿನ ಮೂಲ ನಿಲ್ಲಿಸಿ. ಪೈಪೋ, ಮಾಳಿಗೆಯೋ, ಬಚ್ಚಲ ಇಳಿಜಾರೋ ನೋಡಿ. ಕೊಳೆತ ಭಾಗವನ್ನು ಅದರಾಚೆಗಿನ ಒಂದು ಗೇಣು ಒಳ್ಳೆ ಮರ ಸೇರಿಸಿ ಕತ್ತರಿಸಿ ತೆಗೆಯಿರಿ. ಉಳಿದದ್ದಕ್ಕೆ ಬೋರಾಕ್ಸ್-ಬೋರಿಕ್ ಆಮ್ಲದ ದ್ರಾವಣ ಕುಡಿಸಿ, ಚೆನ್ನಾಗಿ ಒಣಗಿಸಿ, ಆಮೇಲೆ ಹೊಸ ತುಂಡು ಜೋಡಿಸಿ. ತೊಲೆ, ಕಂಬವಾದರೆ ಕತ್ತರಿಸುವ ಮೊದಲು ಊರೆ ಕೊಡಬೇಕು, ಎಂಜಿನಿಯರನ್ನು ಕೇಳಲೇಬೇಕು. ಒದ್ದೆ ಮರದ ಮೇಲೆ ಎಣ್ಣೆ ಬಣ್ಣ ಹೊಡೆದರೆ ನೀರು ಹೊರಗೆ ಹೋಗಲು ದಾರಿ ಇಲ್ಲದೆ ಕೊಳೆ ಇನ್ನೂ ಬೇಗ ಓಡುತ್ತದೆ.

ಯಾವ ಮರ ತಡೆಯುತ್ತದೆ?

ತೇಗದ ಚೇಗು, ಅಂದರೆ ಮರದ ನಡುವಿನ ಗಟ್ಟಿ ಭಾಗ. ಅದರಲ್ಲಿರುವ ಟೆಕ್ಟೋಕ್ವಿನೋನ್‌ನಂಥ ವಸ್ತುಗಳು ಶಿಲೀಂಧ್ರಕ್ಕೂ ಗೆದ್ದಲಿಗೂ ಆಗಿ ಬರುವುದಿಲ್ಲ. ಆದರೆ ಚೇಗಿನ ಸುತ್ತ ಇರುವ ಬಿಳಿ ಭಾಗಕ್ಕೆ ಈ ಗುಣ ಇಲ್ಲ. ತೇಗವೇ ಆಗಲಿ, ಹೊನ್ನೆಯೇ ಆಗಲಿ, ಬಿಳಿ ಭಾಗ ಬೇಗ ಕೊಳೆಯುತ್ತದೆ. "ತೇಗ ಅಂತ ದುಡ್ಡು ಕೊಟ್ಟೆ, ಆದರೂ ಲಡ್ಡು ಹಿಡಿಯಿತು" ಅನ್ನುವವರು ಕೊಂಡದ್ದು ಹೆಚ್ಚಾಗಿ ಬಿಳಿ ಭಾಗ ಜಾಸ್ತಿ ಇರುವ ಎಳೆ ಮರ.

ಭಾರತದಲ್ಲಿ ಮರದ ಬಾಳಿಕೆಯನ್ನು ನೆಲದಲ್ಲಿ ಹೂತಿಟ್ಟು ಅಳೆಯುತ್ತಾರೆ. ಸರಾಸರಿ 120 ತಿಂಗಳು ದಾಟಿದರೆ ಒಂದನೇ ದರ್ಜೆ, 60ರಿಂದ 120 ಎರಡನೇ ದರ್ಜೆ, 60ಕ್ಕಿಂತ ಕಡಿಮೆ ಮೂರನೇ ದರ್ಜೆ. ಪೈನ್ ಔಷಧಿ ಇಲ್ಲದೆ ನೆಲ ಮುಟ್ಟಬಾರದು.

ಬೇಲಿ ಕಂಬದ ಬುಡವನ್ನು ಸುಡ್ತೀವಿ, ಇಲ್ಲಾ ಸುಟ್ಟ ಆಯಿಲ್ ಬಳೀತೀವಿ. ಉಪಯೋಗ ಇದೆಯಾ?

ಅಷ್ಟೇನಿಲ್ಲ. ಇದ್ದಿಲಿನ ಪದರವನ್ನು ಶಿಲೀಂಧ್ರ ತಿನ್ನುವುದಿಲ್ಲ ನಿಜ. ಆದರೆ ಸುಟ್ಟಾಗ ಬಿರುಕು ಬೀಳುತ್ತದೆ, ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಒಳಗಿನ ಮರ ಹಾಗೇ ಇದೆ. ಎಂಜಿನ್ ಆಯಿಲ್ ಮೇಲ್ಮೈಯಲ್ಲೇ ಉಳಿಯುತ್ತದೆ, ಮಣ್ಣು ಕೆಡಿಸುತ್ತದೆ. ಆಯಿಲಿನ ಬದಲು ಕಂಬದ ಸುತ್ತ ಮಣ್ಣು ಏರಿಸಿ ನೀರು ಆಚೆ ಹರಿಯುವ ಹಾಗೆ ಮಾಡಿ. ಕಲ್ಲು ಕಂಬ ಸಿಗುವ ನಮ್ಮ ಸೀಮೆಯಲ್ಲಿ ಬೇಲಿಗೆ ಮರವೇ ಬೇಕು ಅಂತೇನಿಲ್ಲ.

ಹಸಿರು ಛಾಯೆಯ, ಔಷಧಿ ತುಂಬಿದ ಮರ ಬರುತ್ತದಲ್ಲ, ಅದು ಏನು?

ತಾಮ್ರ, ಕ್ರೋಮಿಯಮ್, ಆರ್ಸೆನಿಕ್ ಸೇರಿದ ಔಷಧಿಯನ್ನು ಒತ್ತಡದಲ್ಲಿ ಮರದೊಳಗೆ ತುಂಬಿರುತ್ತಾರೆ. ಜಗತ್ತಿನಾದ್ಯಂತ ಬಳಸಿದ ಈ ಔಷಧಿಯನ್ನು ಕಂಡುಹಿಡಿದವರು ನಮ್ಮ ದೇಶದವರೇ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್, 1933ರಲ್ಲಿ. ಈ ಹೆಸರು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಬೇಕಿತ್ತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಇದರಲ್ಲಿ ತಾಮ್ರದ ಕೆಲಸ ಶಿಲೀಂಧ್ರವನ್ನು ತಡೆಯುವುದು. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ತಾಮ್ರದ ಶಕ್ತಿ ಗೊತ್ತೇ ಇದೆ. ಒಂದು ಕಾಲಕ್ಕೆ ಚಿತ್ರದುರ್ಗದ ಪಕ್ಕದ ಇಂಗಳದಾಳದ ಗಣಿಯಲ್ಲಿ ತೆಗೆಯುತ್ತಿದ್ದದ್ದೂ ತಾಮ್ರವೇ. ಆದರೆ ಕೆಲವು ಕಂದು ಕೊಳೆ ಜಾತಿಗಳು ತಾಮ್ರಕ್ಕೂ ಬಗ್ಗುವುದಿಲ್ಲ. ಅವು ಬಿಡುವ ಆಕ್ಸಾಲಿಕ್ ಆಮ್ಲ ತಾಮ್ರವನ್ನು ಕರಗದ ಹರಳಾಗಿ ಕಟ್ಟಿಹಾಕುತ್ತದೆ. ಕಬ್ಬಿಣವನ್ನು ಸಾಗಿಸುವ ಆಮ್ಲವೇ ತಾಮ್ರದಿಂದ ಕಾಪಾಡುತ್ತದೆ. ಅಂಥ ಜಾತಿಗಳಿಗೂ ಹುಳುಗಳಿಗೂ ಆರ್ಸೆನಿಕ್. ಇವೆಲ್ಲ ಮರದಲ್ಲೇ ಕಚ್ಚಿಕೊಂಡಿರಲಿ ಅಂತ ಕ್ರೋಮಿಯಮ್. ಆರ್ಸೆನಿಕ್ ವಿಷವಾದ್ದರಿಂದ ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಹೆಚ್ಚಿನ ಮರಕ್ಕೆ ಇದನ್ನು ನಿಲ್ಲಿಸಿದರು. ಆರ್ಸೆನಿಕ್ ಇಲ್ಲದ ತಾಮ್ರದ ಔಷಧಿಗಳು, ಬೋರಾನ್ ಔಷಧಿಗಳು ಈಗ ಇವೆ. ಬೋರಾನ್ ಮಳೆಗೆ ತೊಳೆದು ಹೋಗುತ್ತದೆ. ಮನೆಯೊಳಗಿನ ಮರಕ್ಕೆ ಮಾತ್ರ ಅದು ಸರಿ. ಭಾರತದಲ್ಲಿ ಮರ ಸಂರಕ್ಷಣೆಗೆ ಐಎಸ್ 401 ಎಂಬ ಮಾನದಂಡ ಇದೆ. ಕೊಳ್ಳುವಾಗ ಕೇಳಿ.

ಇಂಥ ಮರದ ಚೂರುಗಳನ್ನು ಒಲೆಗೆ, ಬಚ್ಚಲ ಹಂಡೆಗೆ ಯಾವ ಕಾರಣಕ್ಕೂ ಹಾಕಬೇಡಿ. ಬೂದಿಯಲ್ಲೂ ಹೊಗೆಯಲ್ಲೂ ಆರ್ಸೆನಿಕ್ ಬರುತ್ತದೆ.

ಅಡಿಕೆ, ತೆಂಗಿಗೆ ಬರುವ ಅಣಬೆ ರೋಗ ಇದೇನಾ?

ಅಲ್ಲ. ಚನ್ನಗಿರಿ, ಹೊಳಲ್ಕೆರೆ, ಹೊಸದುರ್ಗದ ತೋಟದವರು ಕೇಳುವ ಮೊದಲ ಪ್ರಶ್ನೆ ಇದು. ಅಣಬೆ ರೋಗ ತರುವುದು ಗ್ಯಾನೋಡರ್ಮ. ಅದು ಬಿಳಿ ಕೊಳೆಯ ಗುಂಪಿನದು, ಬದುಕಿರುವ ಮರದ ಬೇರಿಗೇ ಹತ್ತುತ್ತದೆ. ಹೊರ ಸುತ್ತಿನ ಗರಿ ಹಳದಿಯಾಗಿ ಜೋಲುತ್ತವೆ, ಕಾಂಡದ ಬುಡದಲ್ಲಿ ಕಂದು ರಸ ಒಸರುತ್ತದೆ, ಕೊನೆಗೆ ಬುಡದಲ್ಲಿ ಹೊಳೆಯುವ ಕೆಂಗಂದು ಅಣಬೆ ಏಳುತ್ತದೆ. ರಸದ ಬಣ್ಣ ನೋಡಿ "ಕಂದು ಕೊಳೆ" ಅನ್ನುವವರಿದ್ದಾರೆ. ಸತ್ತ ಮರವನ್ನು ಬೊಡ್ಡೆ, ಬೇರು ಸಮೇತ ತೆಗೆದು ಸುಡುವುದು, ಸುತ್ತ ಕಾಲುವೆ ತೆಗೆದು ಪಕ್ಕದ ಮರದ ಬೇರಿನಿಂದ ಬೇರ್ಪಡಿಸುವುದು, ನೀರು ನಿಲ್ಲದಂತೆ ಬಸಿಗಾಲುವೆ, ಬೇವಿನ ಹಿಂಡಿ ಮತ್ತು ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರ ಇವು ದಾರಿ. ಪ್ರಮಾಣಕ್ಕೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರವನ್ನೋ ಹಿರಿಯೂರಿನ ಬಬ್ಬೂರು ಫಾರಂ ಅನ್ನೋ ಕೇಳಿ. ಇನ್ನು ಅಡಿಕೆಯ ಕೊಳೆರೋಗ ತರುವುದು ಫೈಟಾಫ್ತೊರಾ ಎಂಬ ಜೀವಿ, ಅದು ನಿಜವಾದ ಶಿಲೀಂಧ್ರವೇ ಅಲ್ಲ.

ಹಣ್ಣಿನ "ಬ್ರೌನ್ ರಾಟ್", ಆಲೂಗಡ್ಡೆಯ "ಬ್ರೌನ್ ರಾಟ್"?

ಹೆಸರು ಮಾತ್ರ ಒಂದೇ. ಪೀಚ್, ಪ್ಲಮ್ ಹಣ್ಣಿನದು ಮೊನಿಲಿನಿಯಾ ಎಂಬ ಬೇರೆ ಶಿಲೀಂಧ್ರ. ಆಲೂಗಡ್ಡೆಯದು ಬ್ಯಾಕ್ಟೀರಿಯಾ.

ಮೆಕ್ಕೆಜೋಳದ ದಂಟು, ಅಡಿಕೆ ಸಿಪ್ಪೆ, ತೆಂಗಿನ ನಾರಿನ ಪುಡಿ ಕೊಳೆಸೋಕೆ ಇದನ್ನು ಬಳಸಬಹುದಾ?

ಬೇಡ. ಗೊಬ್ಬರಕ್ಕೆ ತಡೆಯಾಗಿರುವುದೇ ಲಿಗ್ನಿನ್. ಕಂದು ಕೊಳೆ ಅದನ್ನೇ ಬಿಟ್ಟುಬಿಡುತ್ತದೆ. ನಿಮಗೆ ಬೇಕಾದ್ದು ಬಿಳಿ ಕೊಳೆಯ ಗುಂಪು. ನಾರಿನ ಪುಡಿಗೆ ಕಾಯರ್ ಬೋರ್ಡಿನವರು ಕೊಡುವ ಪಿತ್‌ಪ್ಲಸ್‌ನಲ್ಲಿರುವುದು ಪ್ಲೂರೋಟಸ್, ಅಂದರೆ ಚಿಪ್ಪಣಬೆಯ ಜಾತಿ. ಭತ್ತದ ಹುಲ್ಲಿನ ಮೇಲೆ ಮನೆಯಲ್ಲೇ ಬೆಳೆದು ಪಲ್ಯ ಮಾಡುವ ಅದೇ ಚಿಪ್ಪಣಬೆ.

ಹಾಗಿದ್ದರೆ ಕಂದು ಕೊಳೆಯಿಂದ ಉಪಯೋಗವೇ ಇಲ್ಲವೇ?

ಕಾಡಿಗೆ ಬಹಳ ಇದೆ. ಉತ್ತರದ ಸೂಜಿ ಎಲೆ ಕಾಡುಗಳಲ್ಲಿ ಬಿದ್ದ ಮರವನ್ನು ಮಣ್ಣಿಗೆ ಸೇರಿಸುವ ದೊಡ್ಡ ಕೆಲಸ ಇದರದ್ದೇ. ಉಳಿದ ಲಿಗ್ನಿನ್ ಪುಡಿ ಬೇಗ ಕರಗುವುದಿಲ್ಲ. ಇಂಗಾಲವನ್ನು ಬಹುಕಾಲ ಮಣ್ಣಲ್ಲಿ ಹಿಡಿದಿಡುತ್ತದೆ, ನೀರನ್ನೂ ಹಿಡಿಯುತ್ತದೆ. ಅದರ ಮೇಲೆ ಸಸಿಗಳು ಬೇರೂರುತ್ತವೆ.

ಕೈಗಾರಿಕೆಯವರ ಆಸಕ್ತಿ ಬೇರೆ. ಹರಿಹರದ ಹೊಳೆಯಾಚೆಯ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಮರದಿಂದ ರೇಯಾನ್ ಪಲ್ಪ್ ತಯಾರಾಗುತ್ತದೆ. ಅಲ್ಲಿ ಲಿಗ್ನಿನ್ ತೆಗೆದು ಸೆಲ್ಯುಲೋಸ್ ಉಳಿಸಿಕೊಳ್ಳುತ್ತಾರೆ, ಅದಕ್ಕೆ ರಾಸಾಯನಿಕ, ಬಿಸಿ, ಒತ್ತಡ ಎಲ್ಲ ಬೇಕು. ಈ ಶಿಲೀಂಧ್ರ ಲಿಗ್ನಿನ್ ತೆಗೆಯದೆಯೇ, ಮಾಮೂಲಿ ಉಷ್ಣಾಂಶದಲ್ಲೇ, ಸೆಲ್ಯುಲೋಸ್ ಹೊರಗೆಳೆಯುತ್ತದೆ. ಕೃಷಿ ತ್ಯಾಜ್ಯದಿಂದ ಸಕ್ಕರೆ, ಅದರಿಂದ ಇಂಧನ ತೆಗೆಯುವ ಸಂಶೋಧಕರು ಈ ದಾರಿ ಕಲಿಯಲು ನೋಡುತ್ತಿದ್ದಾರೆ. ಉಳಿದ ಲಿಗ್ನಿನ್ ಅಂಟು ಮಾಡಲು ಬರಬಹುದು. 1990ರ ದಶಕದಲ್ಲಿ ಗ್ಲಿಯೋಫಿಲ್ಲಮ್ ಸ್ಟ್ರೈಯಾಟಮ್ ಎಂಬ ಜಾತಿ, ಜಾನುವಾರಿಗೆ ಕೊಡುವ ಎನ್ರೋಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕನ್ನು ಒಡೆಯುವುದೂ ಗೊತ್ತಾಯಿತು. ಅಲ್ಲೂ ಅದೇ ಹೈಡ್ರಾಕ್ಸಿಲ್ ರಾಡಿಕಲ್‌ನ ಗುರುತುಗಳೇ ಸಿಕ್ಕವು.

ಇವು ಎಲ್ಲಿಂದ ಬಂದವು?

ಬಿಳಿ ಕೊಳೆಯ ವಂಶದಿಂದ. 2012ರಲ್ಲಿ 31 ಶಿಲೀಂಧ್ರಗಳ ಜೀನೋಮ್, ಅಂದರೆ ಅವುಗಳ ಪೂರ್ತಿ ಜೀನ್ ಪಟ್ಟಿ, ಹೋಲಿಸಿ ನೋಡಿದಾಗ, ಲಿಗ್ನಿನ್ ಒಡೆಯುವ ಕಿಣ್ವಗಳು ಸುಮಾರು 30 ಕೋಟಿ ವರ್ಷಗಳ ಹಿಂದೆ ಹುಟ್ಟಿರಬೇಕು ಎಂಬ ಲೆಕ್ಕ ಸಿಕ್ಕಿತು. ಆಮೇಲೆ ಕೆಲವು ಕವಲುಗಳು ಬೇರೆ ಬೇರೆ ಕಾಲದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ, ಆ ಕಿಣ್ವಗಳನ್ನು ಕಳೆದುಕೊಂಡು ಕಂದು ಕೊಳೆಯಾದವು. 2009ರಲ್ಲಿ ಪೋಸ್ಟಿಯಾ ಪ್ಲಾಸೆಂಟಾ ಎಂಬ ಕಂದು ಕೊಳೆ ಜಾತಿಯ ಜೀನೋಮ್ ಓದಿದಾಗಲೇ ಈ ಸುಳಿವು ಇತ್ತು. ಲಿಗ್ನಿನ್ ಒಡೆಯುವ ಮುಖ್ಯ ಕಿಣ್ವಗಳ ಜೊತೆ, ಗಟ್ಟಿ ಸೆಲ್ಯುಲೋಸ್ ಒಡೆಯುವ ಕೆಲವು ಕಿಣ್ವಗಳೂ ಅದರಲ್ಲಿ ಇರಲಿಲ್ಲ. ಕಿಣ್ವ ಮಾಡಲು ಸಾರಜನಕ ಬೇಕು, ಮರದಲ್ಲಿ ಅದು ತೀರಾ ಕಡಿಮೆ. ಸಣ್ಣ ಅಣುಗಳಿಂದಲೇ ಕೆಲಸ ಮುಗಿದರೆ ಆ ಖರ್ಚು ಉಳಿಯುತ್ತದೆ. ಈ ವಿವರಣೆ ನನಗೆ ಒಪ್ಪುವಂಥದ್ದು.

ಗೆದ್ದಲಿಗೂ ಈ ಶಿಲೀಂಧ್ರಕ್ಕೂ ಏನಾದರೂ ನಂಟು ಇದೆಯಾ?

ಇದೆ. ಗ್ಲಿಯೋಫಿಲ್ಲಮ್ ಟ್ರೇಬಿಯಮ್ ಹತ್ತಿದ ಮರ ಕೆಲವು ಜಾತಿಯ ಗೆದ್ದಲುಗಳನ್ನು ಸೆಳೆಯುತ್ತದೆ ಅಂತ 1960ರ ದಶಕದಲ್ಲೇ ಗೊತ್ತಾಗಿತ್ತು. ಆ ಮರದಲ್ಲಿ ಸಿಗುವ ವಸ್ತು, ಗೆದ್ದಲು ದಾರಿ ಗುರುತಿಗೆ ಬಿಡುವ ವಾಸನೆಯದ್ದೇ. ಅಂದರೆ ಗೆದ್ದಲು ಕಂಡ ಕಡೆಯೂ ಮೊದಲು ಬಂದಿದ್ದು ಕೊಳೆಯೇ ಇರಬಹುದು. ಗೆದ್ದಲು ಓಡಿಸಿದ ಮೇಲೂ ಮರದ ತೇವ ನೋಡಿ ಅನ್ನುವುದು ಇದಕ್ಕೇ.

ಇದರಿಂದ ಆರೋಗ್ಯಕ್ಕೆ ತೊಂದರೆ ಇದೆಯಾ?

ಮನುಷ್ಯರಿಗೆ ಹತ್ತುವ ರೋಗ ಅಲ್ಲ. ಆದರೆ ಪುಡಿ, ಬೀಜಕಣ ಎದ್ದಾಗ ಅಸ್ತಮಾ ಇರುವವರಿಗೆ ಕಷ್ಟವಾಗಬಹುದು. ಕೊಳೆತ ಮರ ಕೀಳುವಾಗ ಮಾಸ್ಕ್ ಹಾಕಿ. ಮರದ ಮೇಲೆ ಎದ್ದ ಗುರುತಿಲ್ಲದ ಅಣಬೆ ತಿನ್ನಬೇಡಿ.

ಕಾಲೇಜಿನ ಪ್ರಾಜೆಕ್ಟಿಗೆ ಏನು ಮಾಡಬಹುದು?

ದಾವಣಗೆರೆ, ಚಿತ್ರದುರ್ಗದ ಸಸ್ಯಶಾಸ್ತ್ರ, ಮೈಕ್ರೋಬಯಾಲಜಿ ವಿದ್ಯಾರ್ಥಿಗಳಿಗೆ ಕಡಿಮೆ ಖರ್ಚಿನ ಒಳ್ಳೆ ಪ್ರಯೋಗ ಇದೆ. ಗಾಜಿನ ಜಾರಿನಲ್ಲಿ ತೇವದ ಮಣ್ಣು ಹಾಕಿ, ಮೇಲೆ ತೆಳು ಪೈನ್ ಪಟ್ಟಿ ಇಟ್ಟು, ಕುಕ್ಕರಿನಲ್ಲಿ ಕ್ರಿಮಿಶುದ್ಧ ಮಾಡಿ. ಪಟ್ಟಿಯ ಮೇಲೆ ಗುರುತು ಖಚಿತವಾದ ಶಿಲೀಂಧ್ರ ಹಚ್ಚಿ. ಅದನ್ನು ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿಗಳ ಸಂಗ್ರಹದಿಂದ ಕಾಲೇಜಿನ ಮೂಲಕ ತರಿಸಬೇಕು. ಅದು ಹರಡಿದ ಮೇಲೆ, ಒಣಗಿಸಿ ತೂಗಿ ಕ್ರಿಮಿಶುದ್ಧ ಮಾಡಿದ ಒಂದೇ ಅಳತೆಯ ಕಡ್ಡಿಗಳನ್ನು ಇಡಿ: ಪೈನ್, ನೀಲಗಿರಿ, ಬೇವು, ತೇಗದ ಚೇಗು, ತೇಗದ ಬಿಳಿ ಭಾಗ. ಶಿಲೀಂಧ್ರ ಇಲ್ಲದ ಜಾರಿನಲ್ಲೂ ಅದೇ ಕಡ್ಡಿಗಳಿರಲಿ. ಪ್ರಯೋಗಾಲಯಗಳಲ್ಲಿ 12-16 ವಾರ ಬಿಡುತ್ತಾರೆ. ನೀವು ಎರಡು ವಾರಕ್ಕೊಮ್ಮೆ ಕೆಲವು ಕಡ್ಡಿ ತೆಗೆದು, ಒಣಗಿಸಿ ತೂಗಿ, ನಡುವಿಗೆ ತೂಕದ ಕಲ್ಲು ನೇತುಹಾಕಿ ಎಷ್ಟಕ್ಕೆ ಮುರಿಯುತ್ತದೆ ನೋಡಿ. ತೂಕದ ಗೆರೆ, ಬಲದ ಗೆರೆ ಎರಡನ್ನೂ ಒಂದೇ ಗ್ರಾಫಿನಲ್ಲಿ ಎಳೆಯಿರಿ. ಮರ ಗುರುತಿಸಲು, ಬಾಳಿಕೆಯ ಪರೀಕ್ಷೆ ಬಗ್ಗೆ ಕೇಳಲು ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮಾದರಿ ಕಳಿಸುವುದಾದರೆ ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಬೇರೆ ಬೂಷ್ಟು ಬೆಳೆದುಬಿಡುತ್ತದೆ. ಕಾಗದದ ಕವರಿನಲ್ಲಿ ಹಾಕಿ, ಮರ ಯಾವುದು, ಯಾವ ಜಾಗದಿಂದ ತೆಗೆದದ್ದು, ನೀರು ಎಲ್ಲಿಂದ ಬರುತ್ತಿತ್ತು ಅಂತ ಬರೆದು ಇಡಿ.